ಈಥರ್ ಇಳಿಯುವಾಗ ಕೇಳಿದ ಹೆಸರು

೧೯೭೬ರಲ್ಲಿ ನಾನು ಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಆಪರೇಷನ್ ಆದವರು ಎಚ್ಚರಗೊಳ್ಳುವವರೆಗೆ ಪಕ್ಕದಲ್ಲಿ ಕೂರುವ ಕೆಲಸದಲ್ಲಿದ್ದೆ. ಪ್ರಜ್ಞೆ ತಪ್ಪಿಸಲು ಮೂಗಿಗೆ ಹಿಡಿಯುವ ಈಥರ್‌ನ ಅಮಲು ಇಳಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಉಗುಳು ನುಂಗುತ್ತಾರೆ, ಆಮೇಲೆ ಕೆಮ್ಮು, ಅಳು, ಕೊನೆಗೆ ಮಾತು. ಪೂರ್ತಿ ಇಳಿಯಿತೇ ಎಂದು ತಿಳಿಯಲು ನಾನು ಹೆಂಗಸರಿಗೆ ಗಂಡನ ಹೆಸರು ಕೇಳುತ್ತಿದ್ದೆ. ಅಮಲಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದರು. ಎಚ್ಚರವಾಗಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂಬ ಭಯ.

ಒಂದು ಮಧ್ಯಾಹ್ನ ಹುಳಿಮಾವಿನ ಈಶ್ವರಮ್ಮ ಕಣ್ಣು ಬಿಟ್ಟು ನೀರು ಕೇಳಿದರು. ನೋಟ ತಿಳಿಯಾಗಿತ್ತು. ಗಂಡನ ಹೆಸರು ಕೇಳಿದೆ.

“ಗಂಗಯ್ಯ.”

ಇನ್ನೂ ಅಮಲಿರಬೇಕೆಂದು ಸ್ವಲ್ಪ ಕಾದು ಮತ್ತೆ ಕೇಳಿದೆ.

“ಗಂಗಯ್ಯ ಅಂದ್ನಲ್ಲಪ್ಪ. ಎಷ್ಟ್ ಸಲ ಹೇಳಿಸ್ತೀಯ? ಈಗ ಹೇಳ್ಬೋದು ಬಿಡು.”

ಕಿಟಕಿ ಮುಚ್ಚಿದ್ದರೂ ಮಂಚದ ತಲೆಯ ಬದಿಯಲ್ಲಿ ಮಾತ್ರ ಕೊರೆಯುವ ತಂಪಿತ್ತು.

ಗಂಡನನ್ನು ಕರೆಯಲು ಹೊರಗೆ ಹೋದೆ. ಗಂಗಯ್ಯ ಬೆಳಗಿನಿಂದ ಕೂತಿದ್ದ ಬೆಂಚಿನಲ್ಲೇ ಗೋಡೆಗೆ ಒರಗಿದ್ದರು. ಉಸಿರಿರಲಿಲ್ಲ. ಡಾಕ್ಟರನ್ನು ಕೂಗಿದೆ. ಅವರೂ ನೋಡಿ ತಲೆಯಾಡಿಸಿದರು. ಹೆಸರನ್ನು ಎರಡು ಸಲ ಹೇಳಿಸಿದವನು ನಾನೇ.

ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದು ಮಂಚದ ಪಕ್ಕ ನಿಂತೆ. ಈಶ್ವರಮ್ಮ ನನ್ನ ಕೈ ಹಿಡಿದುಕೊಂಡರು.

“ಅಳ್ಬೇಡಪ್ಪ. ನಿಂದೇನೂ ತಪ್ಪಿಲ್ಲ. ನೀನು ಕೇಳೋಕ್ ಮುಂಚೇನೇ ಅವ್ರು ಬಂದು ನನ್ ತಲೆ ಸವರಿ ಹೋದ್ರು.”

ಗಂಗಯ್ಯ ಆ ದಿನ ಒಳಬಾಗಿಲು ದಾಟಿರಲಿಲ್ಲ. ಆದರೆ ಅವರನ್ನು ಮಲಗಿಸಿ ಬಲಗೈಯನ್ನು ಎದೆಯ ಮೇಲಿಟ್ಟವನು ನಾನು. ಅವರ ಅಂಗೈಯಲ್ಲಿ ಈಥರ್ ವಾಸನೆಯಿತ್ತು.