ಕೆಂಪುದೀಪ ಹೊತ್ತಿಸಿದ ‘ಬುಡು’

ಐದೂ ಆಟಗಾರರ ಹಣೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು, ಮತ್ತು ‘ಮಂಡ್ಯ ಮದಗಜಗಳು’ ತಂಡ ನಲವತ್ತು ಅಂಕಗಳಿಂದ ಸೋಲುತ್ತಿತ್ತು. ಹಸಿರು ಎಂದರೆ ಪ್ರಾಮಾಣಿಕ ಪ್ರಯತ್ನ. ಅಂದರೆ ಇವರು ಬೇಕೆಂದು ಸೋಲುತ್ತಿರಲಿಲ್ಲ. ಓಡಿ, ಹಾರಿ, ಬೆವರು ಸುರಿಸಿ, ಪೂರ್ತಿ ತಮ್ಮ ಸ್ವಂತ ಸಾಮರ್ಥ್ಯದಿಂದಲೇ ಸೋಲುತ್ತಿದ್ದರು.

“ಡಾಕ್ಟ್ರಮ್ಮ, ಈ ಮಿಷನ್ನು ಸರ್ಯಾಗೈತಾ?” ಎಂದು ತಂಡದ ಯಜಮಾನರಾದ ಚಿಕ್ಕಲಿಂಗೇಗೌಡರು ಕೇಳಿದರು.

“ಯಂತ್ರ ಸರಿಯಾಗಿದೆ ಸರ್. ತಂಡವೇ ಹೀಗೆ,” ಎಂದರು ಡಾ. ಮಂದಾಕಿನಿ.

ಡಾ. ಮಂದಾಕಿನಿ ಬೆಂಗಳೂರಿನ ವಿಜ್ಞಾನಿ. ಭೌತಶಾಸ್ತ್ರದ ಡಾಕ್ಟರು ಎಂದು ಅವರು ಹಲವು ಬಾರಿ ಹೇಳಿದ್ದರೂ ಗೌಡರು ಭೇಟಿಯಾದಾಗಲೆಲ್ಲ ತಮ್ಮ ಎಡ ಮೊಣಕಾಲನ್ನು ತೋರಿಸುತ್ತಿದ್ದರು. ಈ ಹಣೆಪಟ್ಟಿ ಅವರದೇ ಶೋಧನೆ. ಹೆಸರು ‘ಶ್ರದ್ಧಾಮಾಪಕ’. ಅದರೊಳಗೆ ಎರಡು ಭಾಗಗಳಿದ್ದವು. ಒಂದು ‘ದೇಹವಾಚಕ’: ಎದೆಬಡಿತ, ಬೆವರು, ನರಗಳ ಮಿಡಿತಗಳನ್ನು ಓದಿ, ಮನುಷ್ಯ ಗೆಲ್ಲಲು ಹೆಣಗುತ್ತಿದ್ದಾನೋ ನಟಿಸುತ್ತಿದ್ದಾನೋ ಹೇಳುತ್ತಿತ್ತು. ಇನ್ನೊಂದು ‘ನುಡಿವಾಚಕ’: ಆಟಗಾರರ ಮಾತನ್ನು ಆಲಿಸಿ, ಅದರಲ್ಲಿ ಶರಣಾಗತಿಯ ವಾಸನೆ ಬಂದರೆ ಪತ್ತೆಹಚ್ಚುತ್ತಿತ್ತು. ಎರಡರಲ್ಲಿ ಯಾವುದಕ್ಕೆ ಅನುಮಾನ ಬಂದರೂ ಹಸಿರು ದೀಪ ಕೆಂಪಾಗುತ್ತಿತ್ತು.

ಇಂಥ ಯಂತ್ರ ಏಕೆ ಬೇಕಾಯಿತೆಂದರೆ, ಆ ಕಾಲದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಒಕ್ಕೂಟದಲ್ಲಿ ಒಂದು ದಯೆಯ ನಿಯಮವಿತ್ತು. ವರ್ಷದ ಕೊನೆಗೆ ಎಲ್ಲರಿಗಿಂತ ಕೆಳಗಿರುವ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಮಗ್ಗಿ ಬಾರದ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದಂತೆ. ಆದರೆ ಮುಂದಿನ ಬೆಂಚಿನ ಆಸೆಗೆ ಎಲ್ಲರೂ ಮಗ್ಗಿ ಮರೆಯತೊಡಗಿದರು. ಬೇಕೆಂದೇ ಸೋಲುವುದು ತಂತ್ರವೋ ಮೋಸವೋ ಎಂದು ಕ್ಷೌರದಂಗಡಿಯಿಂದ ಹಿಡಿದು ಶಾಸನಸಭೆಯವರೆಗೆ ಚರ್ಚೆಯಾಯಿತು. ಕೊನೆಗೆ ಒಕ್ಕೂಟ ಎಲ್ಲರ ಹಣೆಗೂ ಶ್ರದ್ಧಾಮಾಪಕ ಕಟ್ಟಿ, “ಬೇಕೆಂದೇ ಸೋತ ತಂಡಕ್ಕೆ ಆಯ್ಕೆಯ ಹಕ್ಕಿಲ್ಲ” ಎಂದು ಸಾರಿತು.

ಆ ವರ್ಷದ ಮೊದಲ ಆಯ್ಕೆ ಸಾಮಾನ್ಯದ್ದಾಗಿರಲಿಲ್ಲ. ಕೊಡಗಿನ ಕಾವೇರಪ್ಪ ಏಳಡಿ ಎರಡಂಗುಲ ಎತ್ತರವಿದ್ದ. ಬುಟ್ಟಿಗೆ ಚೆಂಡು ಎಸೆಯುವ ಗೋಜೇ ಅವನಿಗಿರಲಿಲ್ಲ, ಕಪಾಟಿನ ಮೇಲೆ ಡಬ್ಬಿ ಇಡುವಂತೆ ಇಟ್ಟುಬಿಡುತ್ತಿದ್ದ. “ಕಾವೇರಿ ಬಾರದಿದ್ದರೂ ಚಿಂತೆಯಿಲ್ಲ, ಕಾವೇರಪ್ಪ ಬರಲಿ” ಎಂದು ಮಂಡ್ಯದ ಗೋಡೆಗೋಡೆಯ ಮೇಲೂ ಬರೆದಿತ್ತು. ಕಾವೇರಿಯ ವಿಷಯದಲ್ಲಿ ಮಂಡ್ಯದವರು ಇಂಥ ಮಾತು ಆಡಿದ್ದಾರೆಂದರೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದು ಓದುಗರೇ ಊಹಿಸಿಕೊಳ್ಳಬಹುದು.

ಗೌಡರಂತೂ ಪತ್ರಿಕೆಯವರ ಮುಂದೆಯೇ ಹೇಳಿಬಿಟ್ಟಿದ್ದರು: ಕಾವೇರಪ್ಪ ಸಿಕ್ಕರೆ ತಂಡ ಮಂಡ್ಯದಲ್ಲಿ ಉಳಿಯುತ್ತದೆ, ಸಿಗದಿದ್ದರೆ ಪರವೂರಿನವರಿಗೆ ಮಾರಿಬಿಡುತ್ತೇನೆ.

ಉಳಿದದ್ದು ಒಂದೇ ಪಂದ್ಯ. ಎದುರಾಳಿ ಕಾರವಾರ ತಿಮಿಂಗಿಲಗಳು. ಪಟ್ಟಿಯ ತಳದಲ್ಲಿ ಮಂಡ್ಯ ಮತ್ತು ಕಾರವಾರ ಸಮಸಮವಾಗಿದ್ದವು. ಸೋತವರು ಕೊನೆಯ ಸ್ಥಾನಕ್ಕೆ, ಅಂದರೆ ಕಾವೇರಪ್ಪನ ಬಳಿಗೆ. ಕಾರವಾರದವರು ಕೆಂಪುದೀಪಕ್ಕೆ ಹೆದರಿ ಗೆಲ್ಲಲೆಂದೇ ಅಭ್ಯಾಸ ಮಾಡುತ್ತಿದ್ದರು. ಆದರೆ ಅವರ ಆಟ ನೋಡಿದ ಗೌಡರಿಗೆ, ಗೆಲ್ಲಲು ಹೋಗಿಯೂ ಅವರೇ ಸೋತುಬಿಟ್ಟಾರೆಂದು ಧೈರ್ಯ ಸಾಲಲಿಲ್ಲ.

“ಡಾಕ್ಟ್ರಮ್ಮ, ನಮ್ಮುಡುಗ್ರು ಸೋಲಂಗೆ ಏನಾರ ಮಾಡಾಕಾಯ್ತದಾ?”

“ಬೇಕೆಂದು ಸೋಲೋದಕ್ಕೆ ನಾನು ಸಹಾಯ ಮಾಡೋದಿಲ್ಲ ಸರ್.”

“ಬೇಕಂತ ಯಾರಂದ್ರು? ಬ್ಯಾಡ ಬ್ಯಾಡ ಅಂತಾನೇ ಸೋಲ್ಬೇಕು. ದೀಪ ಅಸುರಾಗಿರ್ಬೇಕು.”

ಡಾ. ಮಂದಾಕಿನಿ ನಕ್ಕು ಮಾತು ತಿರುಗಿಸಿದರು. “ನಿಮ್ಮ ತಂಡದ ರೋಗ ಬೇರೆ ಸರ್. ನಿಮಗೊಬ್ಬ ನಾಯಕನಿಲ್ಲ.”

ಇದು ನಿಜ. ಆಟಗಾರರಾದ ಇಮ್ತಿಯಾಜ್ ಮತ್ತು ರೊನಾಲ್ಡ್ ಇಬ್ಬರೂ ಸರದಿಯಂತೆ ನಾಯಕರಾಗಿ, ಸರದಿಯಂತೆ ಇಳಿಸಲ್ಪಟ್ಟು, ಈಗ ಎಣ್ಣೆ-ಸೀಗೆಕಾಯಿ ಆಗಿದ್ದರು. ಯುಗಾದಿಯಿಂದೀಚೆಗೆ ಒಬ್ಬರು ಇನ್ನೊಬ್ಬರ ಕೈಗೆ ಚೆಂಡು ಕೊಟ್ಟಿರಲಿಲ್ಲ. ಡಾ. ಮಂದಾಕಿನಿಯವರ ಬಳಿ ‘ನಾಯಕತ್ವಸೂಚಿ’ ಎಂಬ ಇನ್ನೊಂದು ಯಂತ್ರವಿತ್ತು. ಒಬ್ಬನ ದನಿಯ ಗಡಸು, ಎದೆ ಸೆಟೆಸುವ ಕೋನ, ‘ನಾನು’ ಎನ್ನುವ ಪದದ ಬಳಕೆ ಇವುಗಳಿಂದ ಅದು ಅವನ ನಾಯಕತ್ವವನ್ನು ಅಂಕಿಯಲ್ಲಿ ಹೇಳುತ್ತಿತ್ತು. ಎಲ್ಲರನ್ನೂ ಅದರ ಮುಂದೆ ನಿಲ್ಲಿಸಿ, ಅಂಕಗಳನ್ನು ಪರದೆಯ ಮೇಲೆ ತೋರಿಸಿದರು.

ಡಾ. ಮಂದಾಕಿನಿ ಮೇಲಿನಿಂದ ಓದಿದರು. ಗೌಡರು ಕೆಳಗಿನಿಂದ ಓದಿದರು.

ತೀರ ಕೆಳಗೆ ಮರಿಸ್ವಾಮಿಯ ಹೆಸರಿತ್ತು. ಒಂಬತ್ತು ವರ್ಷದಿಂದ ಬದಲಿ ಆಟಗಾರನಾಗಿ ಬೆಂಚು ಕಾಯುತ್ತಿದ್ದವನು. ಯಂತ್ರದ ಮುಂದೆ ಅವನು ಎಷ್ಟು ಹೊತ್ತು ಮಾತಾಡಿದರೂ ‘ನಾನು’ ಎಂದಿರಲಿಲ್ಲ. ಅವನ ಹೆಸರಿನ ಎದುರು ಅಂಕಿಯೇ ಇರಲಿಲ್ಲ. “ವ್ಯಕ್ತಿ ಪತ್ತೆಯಾಗಿಲ್ಲ” ಎಂದು ಬರೆದಿತ್ತು.

“ಇವ್ನೇ ನನ್ ಕ್ಯಾಪ್ಟನ್ನು!” ಎಂದು ಗೌಡರು ತೊಡೆ ತಟ್ಟಿದರು. ಎಡ ಮೊಣಕಾಲು ನೋಯಿತು, ಆದರೂ ಮತ್ತೊಮ್ಮೆ ತಟ್ಟಿದರು. ಇಂಥ ನಾಯಕನಿದ್ದರೆ ಐವರೂ ಪ್ರಾಣ ಒತ್ತೆಯಿಟ್ಟು ಆಡಿದರೂ ಸೋಲು ಖಂಡಿತ. ಮೋಸವೂ ಇಲ್ಲ, ಕೆಂಪುದೀಪವೂ ಇಲ್ಲ.

ಸುದ್ದಿ ಕೇಳಿದ ಮರಿಸ್ವಾಮಿ ನೇರ ಕ್ರೀಡಾಂಗಣದ ಕ್ಯಾಂಟೀನಿಗೆ ಓಡಿದ. ಕ್ಯಾಂಟೀನಿನ ಜವರಮ್ಮ ದೋಸೆ ಕಾವಲಿಯ ಹಿಂದಿನ ಗೋಡೆಯಲ್ಲಿ ಮಂಡ್ಯಕ್ಕೆ ಒಂದಾದರೂ ಪಂದ್ಯ ಗೆದ್ದುಕೊಟ್ಟ ನಾಯಕರ ಪಟಗಳನ್ನು ತೂಗುಹಾಕಿದ್ದಳು. ಸೋತವರಿಗೆ ಆ ಗೋಡೆಯಲ್ಲಿ ಮೊಳೆಯಿಲ್ಲ. ಮರಿಸ್ವಾಮಿ ತಂಡ ಸೇರಿದ ವರ್ಷವೇ ಆ ಆಸೆಯಿಂದ ಸ್ಟುಡಿಯೋಗೆ ಹೋಗಿ, ಸಾಲದ ಕೋಟು ತೊಟ್ಟು, ಫೋಟೋ ತೆಗೆಸಿ, ಕಟ್ಟು ಹಾಕಿಸಿ ಇಟ್ಟುಕೊಂಡಿದ್ದ. ಫೋಟೋದಲ್ಲಿ ತಲೆತುಂಬ ಕೂದಲಿತ್ತು. ಈಗ ಕಟ್ಟು ಮಾತ್ರ ಗಟ್ಟಿಯಾಗಿತ್ತು.

“ಗೆದ್ಬುಟ್ರೆ ಆಕ್ತೀಯಾ ಜವರಕ್ಕ?”

“ಗೆಲ್ಲು. ಆಮ್ಯಾಕೆ ನೋಡಾನ,” ಎಂದಳು ಜವರಮ್ಮ. ಆದರೂ ಗೋಡೆಯಲ್ಲಿ ಖಾಲಿ ಜಾಗ ಎಲ್ಲಿದೆಯೆಂದು ಒಮ್ಮೆ ತಿರುಗಿ ನೋಡಿದಳು.

ಪಂದ್ಯದ ದಿನ ಮೂರು ಸಾವಿರ ಜನ ಸೋಲು ನೋಡಲು ಸಂತೋಷದಿಂದ ಬಂದು ಕೂತಿದ್ದರು. ಮೊದಲ ಎಸೆತದಲ್ಲೇ ಇಮ್ತಿಯಾಜ್ ಚೆಂಡನ್ನು ಬುಟ್ಟಿಗಿಂತ ಎರಡಡಿ ಆಚೆ ಎಸೆದ. ಅಭ್ಯಾಸಬಲದಿಂದ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ನಾಯಕನ ಕಡೆ ನೋಡಿದ.

“ಆಯ್ತು ಬುಡ್ಲಾ,” ಎಂದ ಮರಿಸ್ವಾಮಿ.

ಇಮ್ತಿಯಾಜನಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಆಮೇಲೆ ರೊನಾಲ್ಡ್ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟ. “ಓಗ್ಲಿ ಬುಡು,” ಎಂದ ಮರಿಸ್ವಾಮಿ. ಇನ್ನೊಬ್ಬ ಎಡವಿ ಬಿದ್ದ. “ಏಳಪ್ಪ, ಬುಡು, ಏನಾಗಿಲ್ಲ.” ಯಾರಾದರೂ ಚೆಂಡು ಹಿಡಿದು ಎಸೆಯಲೋ ಬೇಡವೋ ಎಂದು ತಡವರಿಸಿದರೆ, “ಬುಡ್ಲಾ, ಬುಡು, ಬುಡು!” ಎಂದು ಕೂಗುತ್ತಿದ್ದ.

ಬೈಗುಳವಿಲ್ಲದ ಮೇಲೆ ತಪ್ಪು ಮಾಡಲು ಯಾರಿಗೂ ಹೆದರಿಕೆ ಉಳಿಯಲಿಲ್ಲ. ಹೆದರಿಕೆ ಹೋದ ಮೇಲೆ ತಪ್ಪುಗಳೂ ಕಡಿಮೆಯಾದವು. ಮೂರನೆಯ ಸುತ್ತಿನಲ್ಲಿ ಇಮ್ತಿಯಾಜ್ ಮೈಮರೆತು ರೊನಾಲ್ಡನಿಗೆ ಚೆಂಡು ಕೊಟ್ಟ. “ಎಂಥ ಮಾರಾಯ, ನಿಂಗೆ ಜ್ವರ ಉಂಟಾ?” ಎಂದು ಮಂಗಳೂರಿನ ರೊನಾಲ್ಡ್ ಗಾಬರಿಯಿಂದ ಕೇಳಿ, ಗಾಬರಿಯಲ್ಲೇ ಚೆಂಡನ್ನು ಬುಟ್ಟಿಗೆ ಹಾಕಿದ.

ಆ ಹೊತ್ತಿಗೆ ಮರಿಸ್ವಾಮಿಯ ಹಣೆಯ ದೀಪ ಕೆಂಡದಂತೆ ಕೆಂಪಾಗಿತ್ತು. ಡಾ. ಮಂದಾಕಿನಿ ತಮ್ಮ ಪರದೆ ನೋಡಿ ಬೆರಗಾದರು. ದೇಹವಾಚಕ ಪೂರ್ತಿ ಹಸಿರು, ನುಡಿವಾಚಕ ಪೂರ್ತಿ ಕೆಂಪು. ನುಡಿವಾಚಕಕ್ಕೆ ಅವರು ಕನ್ನಡ ಕಲಿಸಿದ್ದು ನಿಘಂಟಿನಿಂದ. ಅದು ‘ಬುಡು’ವನ್ನು ‘ಬಿಡು’ ಎಂದು ತಿದ್ದಿಕೊಂಡು, ‘ಬಿಡು’ ಎಂದರೆ ತ್ಯಜಿಸು, ಹೋರಾಟ ಕೈಬಿಡು ಎಂದು ಅರ್ಥಮಾಡಿಕೊಂಡು, ನಾಯಕನೇ ತನ್ನವರಿಗೆ ಶರಣಾಗಲು ಆಜ್ಞಾಪಿಸುತ್ತಿದ್ದಾನೆಂದು ವರದಿ ಮಾಡುತ್ತಿತ್ತು.

ಕೊನೆಯ ಕ್ಷಣ. ಕಾರವಾರ ಒಂದು ಅಂಕ ಮುಂದೆ. ಚೆಂಡು ಮರಿಸ್ವಾಮಿಯ ಕೈಗೆ ಬಂತು. ಒಂಬತ್ತು ವರ್ಷ ಬೆಂಚಿನಲ್ಲಿ ಕೂತವನಿಗೆ ಏನು ಮಾಡಬೇಕೆಂದು ತೋಚದೆ ಸುತ್ತ ನೋಡಿದ. ಸೋಲು ನೋಡಲು ಬಂದಿದ್ದ ಮೂರು ಸಾವಿರ ಜನ ಕಾವೇರಪ್ಪನನ್ನು ಮರೆತು ಎದ್ದು ನಿಂತು ಒಕ್ಕೊರಲಿನಿಂದ ಕೂಗಿದರು: “ಬುಡ್ಲಾ!”

ಮರಿಸ್ವಾಮಿ ಬಿಟ್ಟ. ಚೆಂಡು ಬುಟ್ಟಿಯೊಳಗೆ ಬಿತ್ತು. ಗೌಡರು ತಲೆಯ ಮೇಲೆ ಕೈಹೊತ್ತು ಕೂತರು. ಸಂಜೆಯೇ ಜವರಮ್ಮ ಕುರ್ಚಿ ಹತ್ತಿ ಹೊಸ ಮೊಳೆ ಹೊಡೆದಳು.

ಮರುದಿನ ಒಕ್ಕೂಟದಿಂದ ಕರೆ ಬಂತು. ಗೆದ್ದ ಪಂದ್ಯದಲ್ಲಿ ಬೇಕೆಂದೇ ಸೋತ ಆರೋಪ ಹೊತ್ತ ಮೊದಲ ತಂಡ ಎಂಬ ಹೆಗ್ಗಳಿಕೆ ಮಂಡ್ಯಕ್ಕೆ ಸಂದಿತು.

ವಿಚಾರಣೆ ಬೆಂಗಳೂರಿನಲ್ಲಿ. ಚಾಲಕನಿಲ್ಲದ ಬಸ್ಸುಗಳೂ ಮದ್ದೂರಿನಲ್ಲಿ ತಾವಾಗಿಯೇ ವಡೆಗೆ ನಿಲ್ಲುತ್ತಿದ್ದ ಕಾಲ ಅದು. ಆ ನಿಲುಗಡೆಯಲ್ಲಿ ಡಾ. ಮಂದಾಕಿನಿ ಮರಿಸ್ವಾಮಿಯನ್ನು ಕೇಳಿದರು: “ಬುಡು ಅಂದ್ರೆ ಏನು ಮರಿಸ್ವಾಮಿ?”

“ಏನಂತ ಏಳದು ಮೇಡಂ? ಬೇಜಾರಾದ್ರೂ ಬುಡು, ಕುಸಿಯಾದ್ರೂ ಬುಡು. ಚೆಂಡ್ ಎಸಿ ಅನ್ನಕ್ಕೂ ಬುಡು. ಬಾಯ್ಗೆ ಬತ್ತದೆ, ಬುಡಿ.”

ಡಾ. ಮಂದಾಕಿನಿಯವರ ವಡೆ ಗಂಟಲಲ್ಲೇ ನಿಂತಿತು. ತಪ್ಪು ತಮ್ಮ ಯಂತ್ರದ್ದು. ಅದನ್ನು ಸಮಿತಿಯ ಮುಂದೆ ಹೇಳಿದರೆ ತಮ್ಮ ಮಾನ ಹೋಗುತ್ತದೆ, ಮರಿಸ್ವಾಮಿಯ ಗೆಲುವು ಉಳಿಯುತ್ತದೆ. ಹೇಳಿಬಿಡುವುದೆಂದು ಅವರು ನಿರ್ಧರಿಸಿದರು.

ಆದರೆ ಗೌಡರು ಅಷ್ಟರಲ್ಲಿ ನಿಯಮಗಳನ್ನು ಓದಿಸಿಕೊಂಡಿದ್ದರು. ವಿಚಾರಣೆಯ ಕೋಣೆಯ ಹೊರಗೆ ಮರಿಸ್ವಾಮಿಯ ಕೈ ಹಿಡಿದುಕೊಂಡರು.

“ಲೋ ಮರಿ, ಆಯ್ಕೆ ಅಕ್ಕು ಓಗದು ಬೇಕಂತ ಸೋತೋರ್ಗೆ. ನಾವು ಗೆದ್ದಿವಿ. ದೀಪ ಕೆಂಪಾಯ್ತು ಅಂತ ಗೆಲುವು ಕಿತ್ಕಂಡ್ರೆ ನಾವೇ ಕಡೇಗೆ ಓಯ್ತೀವಿ. ಕಾವೇರಪ್ಪ ನಮ್ಗೇ! ನೀನು ತಪ್ಪಾಯ್ತು ಅನ್ಬುಟ್ರೆ ಸಾಕು ಕಣಪ್ಪ. ತಂಡ ಮಂಡ್ಯದಲ್ಲೇ ಉಳಿತದೆ.” ಸ್ವಲ್ಪ ತಡೆದು ತಲೆತಗ್ಗಿಸಿದರು. “ನಿನ್ನ ಕ್ಯಾಪ್ಟನ್ ಮಾಡಿದ್ದೂವೆ... ಸೋಲ್ಲಿ ಅಂತಾನೇ ಕಣ್ಲಾ.”

“ಗೊತ್ತಿತ್ತು ಬುಡಿ ಗೌಡ್ರೇ,” ಎಂದ ಮರಿಸ್ವಾಮಿ. “ಆ ಮಿಷನ್ಗೆ ನಾ ಕಾಣಿಸ್ನೇ ಇಲ್ವಂತಲ್ಲ.” ಅದು ಅವನು ಆ ವರ್ಷ ‘ನಾ’ ಎಂದ ಮೊದಲ ಸಲ. ಆಮೇಲೆ ಮೆಲ್ಲಗೆ, “ಪಟ ತಗೀಬೇಕಾಯ್ತದಾ?” ಎಂದು ಕೇಳಿದ.

ಗೌಡರು ಹಿಡಿದುಕೊಂಡಿದ್ದ ಅವನ ಕೈಯನ್ನು ಬಿಟ್ಟರು.

ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಸಾಕ್ಷಿಗಳು ಸುಳ್ಳು ಹೇಳಬಾರದೆಂದು ಮರಿಸ್ವಾಮಿಯ ಹಣೆಗೆ ಶ್ರದ್ಧಾಮಾಪಕ ಕಟ್ಟಿಸಿದರು. ಡಾ. ಮಂದಾಕಿನಿ ಎದ್ದು, “ಸ್ವಾಮಿ, ಆ ಪದದ ಅರ್ಥ...” ಎಂದು ಆರಂಭಿಸುವಷ್ಟರಲ್ಲಿ ಮರಿಸ್ವಾಮಿ ಕೈಸನ್ನೆಯಿಂದ ಅವರನ್ನು ತಡೆದ.

“ಈ ಗೆಲುವಿನ ಮೇಲೆ ನಿಮ್ಮದೇನಾದರೂ ವಾದವಿದೆಯೇ?” ಎಂದರು ಅಧ್ಯಕ್ಷರು.

ಕಾವಲಿಯ ಹಿಂದಿನ ಗೋಡೆ, ಹೊಸ ಮೊಳೆ, ಕೂದಲು ತುಂಬಿದ ತನ್ನ ಫೋಟೋ ಮರಿಸ್ವಾಮಿಯ ಕಣ್ಣ ಮುಂದೆ ಬಂದವು. ಸಂಕಟವನ್ನು ನುಂಗಿಕೊಂಡು ಹೇಳಿದ:

“ಆಯ್ತು ಬುಡಿ.”

ನುಡಿವಾಚಕಕ್ಕೆ ಅಂದು ಮೊದಲ ಬಾರಿಗೆ ಅರ್ಥ ಸರಿಯಾಗಿ ಸಿಕ್ಕಿತು. ಅವನು ನಿಜವಾಗಿಯೂ ಬಿಟ್ಟುಕೊಟ್ಟಿದ್ದ. ಆದರೆ ದೇಹವಾಚಕ ಅಷ್ಟೇ ಜೋರಾಗಿ ಹಸಿರು ತೋರಿಸಿ, “ಈ ವ್ಯಕ್ತಿ ಗೆಲ್ಲಲು ತನ್ನ ಪೂರ್ಣ ಶಕ್ತಿ ಹಾಕುತ್ತಿದ್ದಾನೆ” ಎಂದು ಪರದೆಯ ಮೇಲೆ ಬರೆಯಿತು. ಎರಡೂ ಪಟ್ಟು ಸಡಿಲಿಸದೆ, ಒಂದೇ ಹಣೆಯಲ್ಲಿ ಕೆಂಪೂ ಹಸಿರೂ ಒಟ್ಟಿಗೆ ಮಿನುಗಿದವು.

“ಯಂತ್ರ ಕೆಟ್ಟಿದೆ,” ಎಂದರು ಅಧ್ಯಕ್ಷರು. ಅದು ಹಿಂದಿನ ಪಂದ್ಯದಲ್ಲೂ ಕೆಟ್ಟಿತ್ತೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಊಟದ ಹೊತ್ತಾಗಿತ್ತು. “ಸೋಲು ಬಯಸಿದವರಿಗೆ ಸೋಲನ್ನೇ ಕೊಡತಕ್ಕದ್ದು, ಗೆಲುವು ರದ್ದು. ಗೆದ್ದಿರುವುದರಿಂದ ಬೇಕೆಂದೇ ಸೋತವರಲ್ಲ, ಆಯ್ಕೆಯ ಹಕ್ಕು ಇರತಕ್ಕದ್ದು,” ಎಂದು ತೀರ್ಪು ಹೇಳಿ ಎದ್ದರು. ಗೌಡರು ಎಡ ಮೊಣಕಾಲನ್ನೂ ಮರೆತು ಕುಣಿದರು.

ಕಾವೇರಪ್ಪ ಬಂದ ದಿನ ಮಂಡ್ಯದಲ್ಲಿ ಪಟಾಕಿ ಸಿಡಿಯಿತು. ಅವನು ಕ್ಯಾಂಟೀನಿನ ಬಾಗಿಲಿಗೆ ಹಣೆ ಹೊಡೆಸಿಕೊಂಡು ಒಳಗೆ ಬಂದಾಗ ಡಾ. ಮಂದಾಕಿನಿ ಮೂಲೆಯ ಮೇಜಿನಲ್ಲಿ ಯಂತ್ರವನ್ನಿಟ್ಟುಕೊಂಡು ಕೂತಿದ್ದರು. ಒಂದು ವಾರದಿಂದ ಅವರು ಅದಕ್ಕೆ ಮಂಡ್ಯದ ಕನ್ನಡ ಕಲಿಸುತ್ತಿದ್ದರು. ಯಂತ್ರ ಇನ್ನೂ ಮೊದಲ ಪಾಠದಲ್ಲೇ ಇತ್ತು.

“ಆ ಬುಡು ಅನ್ನೋ ಕ್ಯಾಪ್ಟನ್ ಯಾರು?” ಎಂದು ಕಾವೇರಪ್ಪ ಹಣೆ ಉಜ್ಜಿಕೊಳ್ಳುತ್ತ ಕೇಳಿದ. “ನನ್ನ ಹಳೇ ಕೋಚ್ ತುಂಬ ಬೈತಿದ್ರು. ನಾನು ಈ ಕ್ಯಾಪ್ಟನ್ ಕೈಕೆಳಗೇ ಆಡೋದು.”

ಆಗ ಮರಿಸ್ವಾಮಿ ಕುರ್ಚಿಯ ಮೇಲೆ ನಿಂತು ಪಟಕ್ಕೆ ಕೈಚಾಚುತ್ತಿದ್ದ. ಮುಖ ಗೋಡೆಯ ಕಡೆಗಿತ್ತು. “ಗೆಲುವ ವಾಪಸ್ ತಗಂಡವ್ರೆ ಜವರಕ್ಕ. ಇದ್ನ ಇಳ್ಸಬೇಕು.”

ಜವರಮ್ಮ ದೋಸೆ ಮಗುಚಿದಳು. ತಿರುಗಿಯೂ ನೋಡದೆ ಹೇಳಿದಳು:

“ಇರ್ಲಿ ಬುಡು.”

ಮೇಜಿನ ಮೇಲಿನ ಯಂತ್ರ ತಟ್ಟನೆ ಕೆಂಪಾಯಿತು. ಡಾ. ಮಂದಾಕಿನಿ ಅದನ್ನು ಆರಿಸಿ, ಇನ್ನೊಂದು ದೋಸೆ ಹೇಳಿದರು.