ಬ್ಯಾಡ ಅಂದವರ ಕೂಡ ಹೈದರಾಬಾದಿಗೆ

"ಅಯ್ಯೋ ಬಾಯಾರ! ನನ್ನ ಎಲುಬಿನ ಮ್ಯಾಲ ಕುಂತ್ರಲ್ಲಾ!"

ಪ್ರಮಿತಾ ಬೆಚ್ಚಿ ಎದ್ದಳು. 2005ರ ಆ ಬೆಳಿಗ್ಗೆ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಅವಳು ಕುಳಿತದ್ದು ಒಂದು ದೊಡ್ಡ ಲಕೋಟೆಯ ಮೇಲೆ!

"ಒಳಗ ನನ್ನ ಎಲುಬಿನ ಸ್ಕ್ಯಾನಿನ ಫಿಲ್ಮ್ ಅದರಿ. ಮುರೀಲಿಲ್ಲ ಬಿಡ್ರಿ," ಎಂದು ನಕ್ಕರು ಪಕ್ಕದಲ್ಲಿದ್ದ ನಂದಕಿಶೋರ್.

ಹೆಂಡತಿಯನ್ನು ಕಳೆದುಕೊಂಡ ವಕೀಲರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಅದನ್ನೂ ನಗುತ್ತಲೇ ಹೇಳಿದರು. ಮದುವೆಯ ಮಾತನ್ನೇ ಮರೆತಿದ್ದ ಸೇಡಂ ಶಾಲೆಯ ಟೀಚರ್ ಪ್ರಮಿತಾಳಿಗೆ ಆ ನಗು ಎಲ್ಲೋ ತಾಗಿತು...

ಅಂದಿನಿಂದ ಬೆಳಗಿನ ಗಾಡಿಯಲ್ಲಿ ಇಬ್ಬರೂ ಜೊತೆ. ಅವರು ಚಿತ್ತಾಪುರದ ಕೋರ್ಟಿಗೆ, ಅವಳು ಸೇಡಂಗೆ. ಅವಳ ಡಬ್ಬಿಯ ಅವಲಕ್ಕಿ ಚಿತ್ತಾಪುರ ಬರುವುದರೊಳಗೆ ಖಾಲಿ!

ವರ್ಷ ಕಳೆಯಿತು. ಒಂದು ದಿನ ಅವರು ಮುಖ ಕೊಡದೆ ಹೇಳಿದರು.

"ನಾಳಿಂದ ನನ್ನ ಸಲುವಾಗಿ ಜಾಗಾ ಹಿಡೀಬ್ಯಾಡ್ರಿ."

ಬೇರೆ ಬೋಗಿ ಹತ್ತತೊಡಗಿದರು. 'ನಾನು ಬೇಸರಾದೆನೆ? ಬೇರೆ ಯಾರಾದರೂ...?' ಪ್ರಮಿತಾ ಅತ್ತಳು. ಆಮೇಲೆ ಸಿಟ್ಟು ಬಂತು. ಸೋಮವಾರ ನೇರ ಅವರ ಬೋಗಿಗೇ ಹತ್ತಿ ಎದುರಿಗೆ ಕುಳಿತಳು.

ಚಿತ್ತಾಪುರ ಬಂತು. ಅವರು ಇಳಿಯಲಿಲ್ಲ!

"ಯಾರನ್ನ ನೋಡ್ಲಿಕ್ಕ ಹೊಂಟೀರಿ?"

"ಹೈದರಾಬಾದಿಗೆ... ಡಾಕ್ಟರನ್ನ." ಅವರ ದನಿ ಇಳಿಯಿತು. "ಆಪರೇಷನ್ ಆದ ಮ್ಯಾಲ ರಕ್ತಪರೀಕ್ಷಾದಾಗ ಪಿಎಸ್‌ಎ ಸೊನ್ನಿ ಹತ್ರ ಇರಬೇಕ್ರಿ. ಮತ್ತ ಏರ್ಲಿಕತ್ತದ. ರೋಗ ತಿರುಗಿ ಬಂದದ. ನಿಮಗ್ಯಾಕ ಈ ಕಷ್ಟ ಅಂತ..."

ಇಷ್ಟು ದಿನ ಯಾರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ!

"ಸೇಡಂ ಬಂತು. ಇಳೀರಿ."

"ಇಳಿಯಂಗಿಲ್ಲ."

"ಸಾಲಿ?"

"ಫೋನ್ ಮಾಡ್ತೀನಿ. ಅವಲಕ್ಕಿ ತಿನ್ರಿ!"

ನಂದಕಿಶೋರ್ ಡಬ್ಬಿ ತೆರೆದರು.

ಆಸ್ಪತ್ರೆಯಲ್ಲಿ ಪ್ರಮಿತಾಳೇ ಕೇಳಿದಳು. "ಹೊಸಾದು ಪೆಟ್ ಸ್ಕ್ಯಾನ್ ಅಂತ ಬಂದದಲ್ರಿ, ಅದನ್ನ ಮಾಡಿಸೂಣೇನು?"

ಪ್ರಾಸ್ಟೇಟಿನ ಕ್ಯಾನ್ಸರ್ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ ಎಂದರು ಡಾಕ್ಟರ್. ಮೂಳೆಗೆ ಹೋಗಿದೆಯೇ ಎಂದು ಬೋನ್ ಸ್ಕ್ಯಾನ್ ಹೇಳುತ್ತದೆ, ಆಪರೇಷನ್ ಆದ ಜಾಗವನ್ನು ಎಂಆರ್‌ಐ ನೋಡುತ್ತದೆ. ಏನೂ ಕಾಣದಿದ್ದರೂ ರೋಗವಿಲ್ಲ ಎಂದಲ್ಲ.

"ಹಂಗಾರ ಇವೆರಡೂ ಮಾಡಿಸೂಣು," ಎಂದಳು ಪ್ರಮಿತಾ. ವಕೀಲರು ವಾದ ಮಾಡದೆ ತಲೆಯಾಡಿಸಿದರು!

ವರದಿಗೂ ಇಬ್ಬರೂ ಜೊತೆಗೇ ಹೋದರು. ಮೂಳೆಯಲ್ಲಿ ಏನೂ ಇಲ್ಲ. ಹಳೆಯ ಜಾಗದಲ್ಲೇ ಒಂದು ಚಿಕ್ಕ ಗುರುತು. ಕೆಲವು ವಾರ ಹೈದರಾಬಾದಿನಲ್ಲೇ ಇದ್ದು ರೇಡಿಯೇಷನ್ನಿನ ಕರೆಂಟ್ ಕೊಡಿಸಿಕೊಳ್ಳಬೇಕು.

ಹೊರಗೆ ಬಂದ ನಂದಕಿಶೋರ್ ತಲೆ ತಗ್ಗಿಸಿದರು. "ಒಂದು ರೂಮ್ ಹುಡುಕಬೇಕು..."

"ಇಬ್ಬರಿಗೆ ಸಾಲೂವಂಥಾದ್ದು ಹುಡುಕ್ರಿ. ಅದಕ್ಕಿಂತ ಮೊದಲ ಮದವಿ ಆಗೂಣು."

"ಪ್ರಮಿತಾ!" ಅವರ ಕಣ್ಣು ತುಂಬಿತು. "ಆಪರೇಷನ್ ಆದಾಗಿಂದ ನಾ ಮೊದಲಿನ ಗಂಡಸಲ್ಲ... ಅದೂ ನಿಮಗ ಗೊತ್ತಿರ್ಲಿ."

"ಮೊದಲಿನವರನ್ನ ನಾ ನೋಡೇ ಇಲ್ಲಲ್ಲ! ನಾ ಮನಸು ಕೊಟ್ಟಿದ್ದು ಈಗಿನವರಿಗೆ."

"ರೋಗ ಮತ್ತ ಬಂದ್ರ?"

"ಮತ್ತ ಜೋಡಿಲೇ ಬರೂಣು."

"ನನಗ ಭಾಳ ಹೆದರಿಕಿ ಆಗ್ತದ ಪ್ರಮಿತಾ..."

"ನನಗೂ ಆಗ್ತದ. ಕೈ ಹಿಡೀರಿ."

"ಇಲ್ಲೇ? ಜನ ನೋಡ್ಲಿಕತ್ತಾರ!"

"ನೋಡ್ಲಿ ಬಿಡ್ರಿ."

ಅವರು ಹಿಡಿದರು.