ಕಜೋನ ಮಣ್ಣು

"ಕಜೋನ ಹೊಲಕ್ಕೆ ಹೋಗೋದಾದ್ರೆ ಹೋಗು, ಯಾರೂ ಬೇಡ ಅನ್ನಲ್ಲ. ಬರುವಾಗ ಮಾತ್ರ ಬೂಟು, ಗುದ್ದಲಿ, ಕೈ ಎಲ್ಲ ಉಪ್ಪುನೀರಲ್ಲಿ ತೊಳ್ಕೊಂಡು ಬಾ. ಕಜೋನ ಮಣ್ಣು ಕಜೋನ ಬೇಲಿಯೊಳಗೇ ಇರ್ಬೇಕು," ಎಂದಳು ಓಪಲ್ ಅತ್ತೆ, ಸೀಗಡಿಯ ತಲೆ ಮುರಿಯುತ್ತ.

ಡೆಲ್ಮರ್ ನಕ್ಕ. "ಮಣ್ಣಿಗೂ ಪಾಸ್‌ಪೋರ್ಟ್ ಬೇಕಾ ಅತ್ತೆ?"

"ನಗು, ನಗು. ಡೆಟ್ರಾಯಿಟ್‌ನಲ್ಲಿ ಮಣ್ಣು ನೋಡಿದ್ದೆಲ್ಲಿ ನೀನು, ಹೂಕುಂಡದಲ್ಲಿ ತಾನೆ?"

ಡೆಲ್ಮರ್‌ನ ಹೆಂಡತಿ ಆರ್ಲೆತಾಳಿಗೆ ಓಪಲ್ ಸೋದರತ್ತೆ. ಕಜೋನ ಕತೆ ಅವರಿದ್ದ ದ್ವೀಪದಲ್ಲಿ ಎಲ್ಲರಿಗೂ ಗೊತ್ತು. ನಾರು-ಬೇರಿನ ಮದ್ದು ಬಲ್ಲ ಮುದುಕ; ಮಾಟವನ್ನೂ ಬಲ್ಲವನು. ಹೋಟೆಲು ಕಟ್ಟುವವರು ಮೋಸದಿಂದ ಅವನ ಹೊಲ ಬರೆಸಿಕೊಂಡ ದಿನ ಮೂಲೆಯಲ್ಲೊಂದು ನೀಲಿ ಬಾಟಲಿ ಹೂತು, "ಇಲ್ಲಿಯ ಮಣ್ಣು ಹೊತ್ತೊಯ್ದವನ ಮನೆಯ ಬೇರು ಗಂಟಾಗಲಿ. ನನ್ನದು ನನಗೆ ಬರುವ ತನಕ ಗಂಟು ಬಿಚ್ಚದಿರಲಿ," ಎಂದು ಉಗುಳಿ ನಡೆದನಂತೆ. ಹೋಟೆಲು ಏಳಲಿಲ್ಲ. ಹೊಲ ಹಾಳು ಬಿತ್ತು.

ಪಕ್ಕದಲ್ಲೇ ಆರ್ಲೆತಾಳ ಅಪ್ಪನ ಹಿತ್ತಲು. ಬಿರುಗಾಳಿ ಹಳೆಯ ಮನೆಯನ್ನು ಹೊತ್ತೊಯ್ದಿತ್ತು. ಉಳಿದದ್ದು ಒಂದು ಅಂಜೂರದ ಮರ. ಅವಳು ಹುಟ್ಟಿದಾಗ ಹೊಕ್ಕುಳಬಳ್ಳಿ ಹೂತು ಅದರ ಮೇಲೆ ಅಪ್ಪ ನೆಟ್ಟದ್ದು. ಆ ಮರಕ್ಕಾಗಿಯೇ ಅವಳು ಗಂಡನನ್ನು ಕಟ್ಟಿಕೊಂಡು ಊರಿಗೆ ಮರಳಿದ್ದಳು, ಅದರ ನೆರಳಿಗೇ ಪುಟ್ಟ ಮನೆ ಕಟ್ಟಿಸಿದ್ದಳು.

ಅಂಜೂರದ ಬುಡದಲ್ಲಿದ್ದದ್ದು ಬಿಳಿಚಿದ ಮರಳು. ಬೇಲಿಯಾಚೆಯ ಮಣ್ಣು ಕಾಫಿಪುಡಿಯಂತೆ ಕರ್ರಗೆ, ಮುಟ್ಟಿದರೆ ಬೆಚ್ಚಗೆ. ಆರ್ಲೆತಾ ಚರ್ಚಿಗೆ ಹೋಗಿದ್ದ ಒಂದು ಭಾನುವಾರ ಡೆಲ್ಮರ್ ಅದನ್ನು ತಳ್ಳುಗಾಡಿಯ ತುಂಬ ತಂದು ಮರದ ಬುಡಕ್ಕೆ ಹಾಸಿದ. ಬೂಟನ್ನೂ ತೊಳೆಯಲಿಲ್ಲ.

ಬೇಸಿಗೆ ಏರಿದಂತೆ ಮರ ನಡುಹಗಲು ಬಾಡತೊಡಗಿತು. ಒದ್ದೆ ಬಟ್ಟೆಯಂತೆ ಜೋಲುವ ಎಲೆಗಳು ಸಂಜೆಗೆ ಮತ್ತೆ ತಲೆಯೆತ್ತುತ್ತಿದ್ದವು. ನೀರು ಹೊಯ್ದ. ಎಲೆ ಹಳದಿಯಾಯಿತು. ಮೀನಿನ ಗೊಬ್ಬರ ಹಾಕಿದ. ಕಾಯಿಗಳು ಕಲ್ಲಿನಂತೆ ಗಟ್ಟಿಯಾಗಿ ಉದುರಿದವು. ಏಡಿಚಿಪ್ಪು ಕುಟ್ಟಿ ಹಾಕಿದ, ಸುತ್ತ ಚೆಂಡುಹೂ ನೆಟ್ಟ, ಕೊನೆಗೆ ರೋಸಿಹೋಗಿ ಬಕೆಟ್ಟನ್ನು ಒದ್ದು ಕಾಲ್ಬೆರಳು ನೋಯಿಸಿಕೊಂಡ. ಕೃಷಿ ಕಚೇರಿಯಿಂದ ಬಂದವನು ಒಂದು ಬೇರು ಕಿತ್ತು ತೋರಿಸಿದ. ಮಣಿ ಪೋಣಿಸಿದಂತೆ ಗಂಟುಗಳು. "ಬೇರುಗಂಟಿನ ಜಂತು. ಕಣ್ಣಿಗೆ ಕಾಣಲ್ಲ. ಇನ್ನು ಈ ಮರಕ್ಕೆ ಮದ್ದಿಲ್ಲ."

ಮರವೊಂದೇ ಆಗಿದ್ದರೆ ಡೆಲ್ಮರ್ ಬಯ್ದುಕೊಂಡು ಸುಮ್ಮನಾಗುತ್ತಿದ್ದ. ಆರ್ಲೆತಾಳೂ ನಡುಹಗಲು ಕುಸಿಯುತ್ತಿದ್ದಳು. ಕೈಯ ಸೌಟು ಜಾರುತ್ತಿತ್ತು, ಕುತ್ತಿಗೆ ವಾಲುತ್ತಿತ್ತು. ಸಂಜೆಗೆ ಎದ್ದು ಏನೂ ಆಗದವಳಂತೆ ಅನ್ನಕ್ಕಿಡುತ್ತಿದ್ದಳು. ಕಣಕಾಲಿನ ಸುತ್ತ ಚರ್ಮದಡಿ ಗಟ್ಟಿ ಗುಳ್ಳೆಗಳು. ಡಾಕ್ಟರಿಗೆ ಏನೂ ತಿಳಿಯಲಿಲ್ಲ.

"ಹುಳ ಹತ್ತಿದ್ದು ಮರಕ್ಕೆ ಕಣೇ, ನಿಂಗಲ್ಲ."

"ಹಂಗಾದ್ರೆ ಅದು ಬಾಡಿದಾಗ್ಲೇ ನಾನ್ಯಾಕೆ ಬಾಡ್ತೀನಿ, ಡೆಲ್?"

ಅವನು ಓಪಲ್ ಅತ್ತೆಯ ಮುಂದೆ ಹೋಗಿ ನಿಂತ. ಅವಳು ಅವನ ಬೂಟನ್ನೇ ನೋಡಿದಳು.

"ಎಷ್ಟು ಮಣ್ಣು ತಂದೆ?"

"ಒಂದು ಗಾಡಿ."

"ಅಯ್ಯೋ ಮುಠ್ಠಾಳ! ಒಂದು ಕಾಳೂ ಉಳೀದಂಗೆ ವಾಪಸ್ ಹಾಕು."

ಹಾಕಿದ. ಮರುದಿನ ಅವಳು ಮತ್ತೆ ಕುಸಿದಳು. ಮತ್ತಷ್ಟು ಬಗೆದ, ಹಾಕಿದ. ಬಿಳಿ ಮರಳಿನಲ್ಲಿ ಇನ್ನೂ ಕಪ್ಪು ಕಾಳುಗಳು. ಯಾವುದು ಕಜೋನ ಮಣ್ಣು, ಯಾವುದು ಮಾವನ ಮಣ್ಣು? ಮಳೆ ಎರಡನ್ನೂ ಕಲಸಿಬಿಟ್ಟಿತ್ತು. ಡೆಲ್ಮರ್ ಗುಂಡಿಯಲ್ಲಿ ಕೂತು ಹಿಡಿಹಿಡಿ ಮರಳನ್ನು ಬೆಳಕಿಗೆ ಹಿಡಿದು ನೋಡುತ್ತ, ಸಿಟ್ಟಿನಿಂದ ಅತ್ತ.

ಮೋಡ ಕವಿದು ಹಗಲೇ ಕತ್ತಲಾದ ಒಂದು ಮಧ್ಯಾಹ್ನ ಆರ್ಲೆತಾ ಕಣ್ಣು ತೆರೆಯಲಿಲ್ಲ. ಓಪಲ್ ಅತ್ತೆ ಮಂಚದ ಬಳಿಯಿಂದಲೇ ಕೂಗಿದಳು. "ಮರಾನೇ ಕಜೋನ ಹೊಲಕ್ಕೆ ಕೊಡ್ಬೇಕು ಕಣೋ! ಮಣ್ಣು ಅದರ ಬೇರೊಳಗಿದೆ. ಮಣ್ಣು ಮುಟ್ಟದ ತುದಿಕೊಂಬೆ ಒಂದು ನಂಗೆ ಕೊಯ್ದು ಕೊಡು, ಅವಳ ಜೀವ ಅದರಲ್ಲಿ ನಿಂತೀತು. ಬೇಗ!"

ಕೊಂಬೆ ಕೊಯ್ದು ಕಿಟಕಿಯಲ್ಲಿ ಕೊಟ್ಟ. ಗುಂಡಿಗೆ ಇಳಿದ. ಕೊಳೆತ ಬೇರಿನ ನಾತ, ಜೌಗಿನ ಕೆಸರಿನ ನಾತ. ಕೊಡಲಿ ಎತ್ತಿದ. ಬೇರು ತುಂಡಾಯಿತು. ಒಳಗಿನಿಂದ ಹೀರುವ ಸದ್ದು. ಇನ್ನೊಂದು ಬೇರು. ಗಂಟುಗಳು ಬೆಚ್ಚಗಿದ್ದವು. ಮಿಡಿಯುತ್ತಿದ್ದವು. ಕೈ ಹಾಕಿದ. ಏನೋ ಮಣಿಕಟ್ಟು ಹಿಡಿಯಿತು. ಎಳೆದ. ಅದೂ ಎಳೆಯಿತು. ಮೊಣಕೈ ಮುಳುಗಿತು. ಭುಜ ಮುಳುಗಿತು. ಬಾಯಿಗೆ ಮಣ್ಣು. ಕಿರುಚಲಾಗಲಿಲ್ಲ. ಎಡಗೈಯಲ್ಲೇ ಕೊಡಲಿ ಬೀಸಿದ. ಕುರುಡಾಗಿ ಬೀಸಿದ. ಬುಡ ಲಟಕ್ಕೆಂದಿತು. ಹಿಡಿತ ಬಿಟ್ಟಿತು.

ಮರವನ್ನೂ ಕಿತ್ತ ಬೇರನ್ನೂ ಎಳೆದೊಯ್ದು ಬೇಲಿಯಾಚೆ ಎಸೆದ. ಮಳೆ ಸುರಿಯಿತು.

ಸಂಜೆಗೆ ಮನೆಯೊಳಗಿಂದ ಆರ್ಲೆತಾಳ ದನಿ ಕೇಳಿತು. ಹಸಿವು ಎನ್ನುತ್ತಿದ್ದಳು. ಡೆಲ್ಮರ್ ಕಡಲು ನುಗ್ಗುವ ತೊರೆಯ ಉಪ್ಪುನೀರಿನಲ್ಲಿ ಬೂಟು ತೊಳೆದ, ಕೊಡಲಿ ತೊಳೆದ, ಕಾಲುಚೀಲ ಬಿಚ್ಚಿದ. ಅಂಗಾಲಿನ ತುಂಬ ಸಾಲುಸಾಲು ಗಂಟುಗಳು. ಚಾಕುವಿನ ಮೊನೆಯಿಂದ ಒಂದನ್ನು ಬಿಡಿಸಿದ. ರಕ್ತ ಬರಲಿಲ್ಲ; ಕಪ್ಪು ಮಣ್ಣಿನ ಕಾಳುಗಳು ಉದುರಿದವು.

ಬರಿಗಾಲಲ್ಲಿ ಮನೆಯತ್ತ ನಡೆದು ಹೊಸ್ತಿಲ ಮೇಲೆ ಕಾಲಿಟ್ಟ. ಒಳಗೆ ಸೌಟು ಠಣ್ಣೆಂದು ಬಿತ್ತು. ಹಿಂದೆ ಸರಿದ. ಹಿಂದೆ ಹಿಂದೆ ಸರಿಯುತ್ತ ಕಜೋನ ಬೇಲಿ ದಾಟಿದ. ಗಂಟುಗಳು ಸಡಿಲಾದವು. ಒಳಗೆ ಅವಳು ಮತ್ತೆ ಮಾತಾಡತೊಡಗಿದಳು.

"ಡೆಲ್, ಬೆಂಡೆಕಾಯಿ ಸಾರು ಆರೋಗ್ತಿದೆ. ಆ ಕತ್ತಲಲ್ಲಿ ಏನ್ ಮಾಡ್ತಿದೀಯ?"

"ಇಲ್ಲಿಗೇ ಕೊಡೇ. ಬೇಲಿ ಮೇಲಿಂದ."

ಅವಳು ತಟ್ಟೆ ಹಿಡಿದು ಬಂದಳು. ಅವಳ ಬೆರಳು ತಾಗದಂತೆ ಅವನು ಅದನ್ನು ತೆಗೆದುಕೊಂಡ. ಕಿಟಕಿಯ ಬೆಳಕಿನಲ್ಲಿ ಗಾಜಿನ ಲೋಟ, ಅದರೊಳಗೆ ಅಂಜೂರದ ಕೊಂಬೆ.

"ತಿಂದಾದ್ಮೇಲೆ ತಟ್ಟೆ ಕೊಡು, ತೊಳೀತೀನಿ."

"ಬೇಡ," ಎಂದ ಡೆಲ್ಮರ್. "ತಟ್ಟೆ ಇನ್ನು ಇಲ್ಲೇ ಇರ್ಲಿ."